ಎದುರಿಗೇ ಕೂತಿದ್ದ ಪೈಕಾ ಕಣ್ಣಿಗೆ ಯಾಕೆ ಬೀಳಲಿಲ್ಲ?

ಪ್ರಶ್ನೆ: ಎತ್ತರದ ಬೆಟ್ಟದ ಚಾರಣದಲ್ಲಿ, ಕಲ್ಲುಗಳು ಜರಿದು ಬಿದ್ದು ರಾಶಿಯಾಗಿದ್ದ ಒಂದು ಇಳಿಜಾರಿನ ಮುಂದೆ ಪೈಕಾ ಎನ್ನುವ ಪುಟ್ಟ ಪ್ರಾಣಿಗಾಗಿ ಎರಡು ದಿನ, ದಿನಕ್ಕೊಂದು ಗಂಟೆ ನಿಂತು ಹುಡುಕಿದೆ. ‘ಈಕ್’ ಎನ್ನುವ ಕೂಗು ಐದಾರು ಸಲ ಕೇಳಿಸಿತು. ಜೊತೆಗಿದ್ದವರು "ಅಗೋ ಪೈಕಾ, ಆ ಬೂದು ಕಲ್ಲಿನ ಮೇಲೆ" ಎಂದು ಬೆರಳು ತೋರಿಸಿದರು. ಅಲ್ಲಿದ್ದದ್ದೆಲ್ಲ ಬೂದು ಕಲ್ಲೇ. ನನಗೆ ಏನೂ ಕಾಣಲಿಲ್ಲ. ಅವರು ತೆಗೆದ ಫೋಟೊದಲ್ಲೂ ಹತ್ತು ನಿಮಿಷ ಹುಡುಕಿದ ಮೇಲೆ ಸಿಕ್ಕಿತು. ನನ್ನ ಕಣ್ಣಿನಲ್ಲೇ ದೋಷ ಇದೆಯಾ? ಇದನ್ನು ಕಲಿಯಬಹುದಾ?

ಉತ್ತರ: ನಿಮ್ಮ ಕಣ್ಣಿನಲ್ಲಿ ದೋಷ ಇರಬೇಕಾಗಿಲ್ಲ. ಇದು ಎಲ್ಲರಿಗೂ ಆಗುವುದೇ. ಮತ್ತೆ, ಇದನ್ನು ಖಂಡಿತ ಕಲಿಯಬಹುದು. ನಿಮ್ಮ ಪತ್ರದಲ್ಲಿ "ನಿಂತು ಹುಡುಕಿದೆ" ಎಂದು ಬರೆದಿದ್ದೀರಿ. ತೊಡಕು ಆ ಎರಡು ಪದಗಳಲ್ಲೇ ಇದೆ. ಇಂಥ ಕಡೆ ಮೊದಲು ಕೂತುಬಿಡಬೇಕು. ಕೂತ ಮೇಲೆ ಅರ್ಧ ಗಂಟೆ ಪೈಕಾವನ್ನು ಪೂರ್ತಿ ಮರೆತು ಕಲ್ಲುಗಳನ್ನೇ ನೋಡಬೇಕು. ಕಲ್ಲುಗಳ ಗುರುತು ಸಿಕ್ಕಿದ ಮೇಲೆ, ಅವುಗಳ ನಡುವೆ ಕಲ್ಲಲ್ಲದ್ದು ಯಾವುದು ಎಂದು ಕಣ್ಣಿಗೆ ತಾನಾಗಿ ಹೊಳೆಯುತ್ತದೆ. ನಾನು ಇಷ್ಟು ವರ್ಷ ಬೆಟ್ಟಗಳಲ್ಲಿ ಜನರಿಗೆ ಪ್ರಾಣಿ ತೋರಿಸುತ್ತ ಬಂದದ್ದು ಹೀಗೆಯೇ. ಯಾಕೆ ಹೀಗೆ, ಹೇಗೆ ಮಾಡಬೇಕು ಎನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಗಾತ್ರದ ಲೆಕ್ಕ ನೋಡಿ. ಪೈಕಾ ಮೊಲದ ಬಳಗದ ಪ್ರಾಣಿ. ಇಲಿಯಂತೆ ಕಂಡರೂ ಇಲಿಯಲ್ಲ. ಅಮೆರಿಕದ ಪೈಕಾ ಉದ್ದ 16ರಿಂದ 20 ಸೆಂಟಿಮೀಟರ್, ತೂಕ ಸುಮಾರು 170 ಗ್ರಾಂ. ನಿಮ್ಮಿಂದ 20 ಮೀಟರ್ ದೂರದಲ್ಲಿ ಅದು ಕೂತಿದ್ದರೆ ಆಕಾಶದ ಹುಣ್ಣಿಮೆ ಚಂದ್ರನಷ್ಟು ಅಗಲ ಕಾಣುತ್ತದೆ. 50 ಮೀಟರ್ ದೂರಕ್ಕೆ ಹೋದರೆ ಚಂದ್ರನ ಅರ್ಧಕ್ಕಿಂತ ಕಡಿಮೆ. ಚಂದ್ರ ಕಾಣುವುದು ಕಪ್ಪು ಆಕಾಶದಲ್ಲಿ ಒಂಟಿಯಾಗಿ ಹೊಳೆಯುವುದರಿಂದ. ಅದೇ ಅಗಲದ, ಅದೇ ಬಣ್ಣದ, ಅದೇ ಉರುಟಾದ ಸಾವಿರ ಚಂದ್ರರ ನಡುವೆ ಒಬ್ಬನನ್ನು ಹುಡುಕಬೇಕಾದರೆ? ನೀವು ಮಾಡುತ್ತಿದ್ದದ್ದು ಅಂಥ ಕೆಲಸ.

ಇನ್ನೊಂದು ವಿಷಯ ನಮ್ಮ ಕಣ್ಣಿಗೇ ಸೇರಿದ್ದು. ಕಣ್ಣು ತುಂಬ ಸ್ಪಷ್ಟವಾಗಿ ನೋಡುವುದು ನಡುವಿನ ಒಂದು ಸಣ್ಣ ಜಾಗವನ್ನು ಮಾತ್ರ. ಕೈಯನ್ನು ಪೂರ್ತಿ ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಆ ಉಗುರಿನಷ್ಟು ಜಾಗ, ಅಷ್ಟೇ. ಉಳಿದದ್ದೆಲ್ಲ ಮಸುಕು. ಎಲ್ಲವೂ ಸ್ಪಷ್ಟವಾಗಿದೆ ಎಂದು ನಮಗೆ ಅನಿಸುವುದು, ಕಣ್ಣು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸದಾ ಜಿಗಿಯುತ್ತ ಇರುವುದರಿಂದ. ಇಳಿಜಾರಿನ ಮೇಲೆ ಸುಮ್ನೆ ಕಣ್ಣಾಡಿಸಿದರೆ ಆ ಹೆಬ್ಬೆರಳಿನ ಉಗುರು ಹತ್ತಿಪ್ಪತ್ತು ಜಾಗಗಳ ಮೇಲೆ ಮಾತ್ರ ಕೂತು ಏಳುತ್ತದೆ. ನಡುವೆ ನೂರಾರು ಕಲ್ಲು ಬಿಟ್ಟುಹೋಗುತ್ತವೆ. ಆದರೂ "ಪೂರ್ತಿ ನೋಡಿದೆ, ಏನೂ ಇಲ್ಲ" ಎಂದು ಮನಸ್ಸು ತೀರ್ಮಾನ ಕೊಟ್ಟುಬಿಡುತ್ತದೆ. ಈ ತೀರ್ಮಾನವನ್ನು ನಂಬಬೇಡಿ.

ಪೈಕಾದ ಮೈಯನ್ನೂ ಗಮನಿಸಿ. ಹೊರಗೆ ಕಾಣುವ ಬಾಲವಿಲ್ಲ. ಕತ್ತು ಇದೆಯೋ ಇಲ್ಲವೋ ಎನ್ನುವಷ್ಟು ಗಿಡ್ಡ. ಕಾಲುಗಳು ಮೈಯೊಳಗೆ ಮಡಚಿಕೊಳ್ಳುತ್ತವೆ. ಕೂತರೆ ಒಂದು ಮೊಟ್ಟೆಯ ಆಕಾರ, ಅಂದರೆ ಸಣ್ಣ ಕಲ್ಲಿನ ಆಕಾರ. ನಮ್ಮ ಕಣ್ಣು ಪ್ರಾಣಿಯನ್ನು ಗುರುತಿಸುವುದು ಬಾಲ, ಕಾಲು, ಕತ್ತು ಇವುಗಳಿಂದ. ಅವು ಒಂದೂ ಇಲ್ಲದಾಗ ಕಣ್ಣಿಗೆ ಹಿಡಿತ ಸಿಗುವುದಿಲ್ಲ. ಬಣ್ಣವೂ ಹಾಗೆಯೇ ಮೋಸ ಮಾಡುತ್ತದೆ. ಬೆನ್ನು ಕಂದು ಬೂದು, ಹೊಟ್ಟೆ ತಿಳಿ ಬಣ್ಣ. ಬಿಸಿಲು ಮೇಲಿಂದ ಬಿದ್ದಾಗ ಯಾವುದೇ ಉರುಟು ವಸ್ತುವಿನ ಮೇಲ್ಭಾಗ ಬೆಳಗುತ್ತದೆ, ಕೆಳಭಾಗ ಕಪ್ಪಾಗುತ್ತದೆ. ಆ ನೆರಳಿನಿಂದಲೇ ಅದು ಉಬ್ಬಿದ ವಸ್ತು ಎಂದು ನಮಗೆ ತಿಳಿಯುವುದು. ಮೇಲೆ ಗಾಢ, ಕೆಳಗೆ ತಿಳಿ ಬಣ್ಣ ಇದ್ದರೆ ನೆರಳು ಅಳಿಸಿಹೋಗಿ ಪ್ರಾಣಿ ಚಪ್ಪಟೆಯಾಗಿ ಕಾಣುತ್ತದೆ. ಇದನ್ನು 1896ರಲ್ಲಿ ವಿವರಿಸಿದವರು ಅಬಟ್ ಥೇಯರ್ ಎಂಬ ಅಮೆರಿಕದ ಚಿತ್ರಕಾರರು. ನೆರಳು ಬಳಿದು ಚಿತ್ರಕ್ಕೆ ಉಬ್ಬು ತರುವ ಕೈಗೆ, ನೆರಳು ಅಳಿಸಿದರೆ ಏನಾಗುತ್ತದೆ ಎಂದು ತಿಳಿದಿತ್ತು.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಪ್ರಾಣಿಗಿಂತ ಮೊದಲು ಅದರ ಮನೆ ಹುಡುಕಿ. ಕಲ್ಲಿರುವ ಕಡೆಯೆಲ್ಲ ಪೈಕಾ ಇರುವುದಿಲ್ಲ. ಕಲ್ಲುಗಳು ತೀರ ಸಣ್ಣ ಜಲ್ಲಿಯಂತಿದ್ದರೆ ಒಳಗೆ ಓಡಾಡಲು ಸಂದಿ ಇರುವುದಿಲ್ಲ. ಒಂದು ಗೇಣಿನಿಂದ ಒಂದು ಮೀಟರ್ ಅಗಲದ ಕಲ್ಲುಗಳು ಒಂದರ ಮೇಲೊಂದು ಸಡಿಲವಾಗಿ ಬಿದ್ದಿರುವ ಜಾಗ ಅದಕ್ಕೆ ಇಷ್ಟ. ಜೊತೆಗೆ ಹತ್ತಿರದಲ್ಲೇ ಹುಲ್ಲು, ಹೂಗಿಡ ಇರಬೇಕು. ಮೇಯಲು ಹೋದ ಪೈಕಾ ಕಲ್ಲಿನಿಂದ ಕೆಲವೇ ಮೀಟರ್ ದೂರ ಹೋಗುತ್ತದೆ, ತಕ್ಷಣ ಓಡಿ ಬರುತ್ತದೆ. ಆದ್ದರಿಂದ ಇಳಿಜಾರಿನ ನಟ್ಟನಡುವೆ ನೋಡುತ್ತ ಕೂರಬೇಡಿ. ಕಲ್ಲು ಮುಗಿದು ಹುಲ್ಲು ಶುರುವಾಗುವ ಅಂಚು ಇದೆಯಲ್ಲ, ಅಲ್ಲಿ ನಿಮ್ಮ ಸಮಯ ಹಾಕಿ. ಹೊಸಬರು ಸಾಮಾನ್ಯವಾಗಿ ದೊಡ್ಡ, ಭವ್ಯವಾದ ಬಂಡೆಗಳನ್ನೇ ನೋಡುತ್ತ ಈ ಅಂಚನ್ನು ಬಿಟ್ಟುಬಿಡುತ್ತಾರೆ.

ಅಂಚು ಸಿಕ್ಕಿದ ಮೇಲೆ ಗುರುತುಗಳನ್ನು ನೋಡಿ. ಮೊದಲನೆಯದು ಹಿಕ್ಕೆ. ಪೈಕಾದ ಹಿಕ್ಕೆ ಪೂರ್ತಿ ಗುಂಡಗೆ ಇರುತ್ತದೆ. ಸಾಸಿವೆಗಿಂತ ದಪ್ಪ, ಕರಿಮೆಣಸಿಗಿಂತ ಸಣ್ಣದು, ಸುಮಾರು 3 ಮಿಲಿಮೀಟರ್. ಇಲಿ ಜಾತಿಯ ಪ್ರಾಣಿಗಳ ಹಿಕ್ಕೆ ಉದ್ದಕ್ಕಿರುತ್ತದೆ. ಗುಂಡಗಿನ ಹಿಕ್ಕೆ ಬಂಡೆಯ ಸಂದಿಯಲ್ಲಿ ರಾಶಿಯಾಗಿ ಬಿದ್ದಿದ್ದರೆ ನೀವು ಸರಿಯಾದ ಮನೆ ಬಾಗಿಲಿಗೆ ಬಂದಿದ್ದೀರಿ. ಎರಡನೆಯದು ಕಲ್ಲಿನ ಮೇಲಿನ ಬಿಳಿ ಕಲೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಉಚ್ಚೆ ಹೊಯ್ದು ಒಣಗಿದಾಗ ಅಲ್ಲಿ ಸುಣ್ಣ ಬಳಿದಂತೆ ಕಾಣುತ್ತದೆ. ಇಂಥ ಗೊಬ್ಬರ ಸಿಕ್ಕುವ ಕಲ್ಲುಗಳ ಮೇಲೆ ಕಿತ್ತಳೆ ಬಣ್ಣದ ಒಂದು ಕಲ್ಲುಹೂ ಚೆನ್ನಾಗಿ ಬೆಳೆಯುತ್ತದೆ. ಅದು ಹಕ್ಕಿ ಕೂರುವ ಕಲ್ಲಿನ ಮೇಲೂ ಬೆಳೆಯುತ್ತದೆ, ಹಾಗಾಗಿ ಅದೊಂದನ್ನೇ ನಂಬಬಾರದು. ಆದರೆ ದೂರದಿಂದಲೇ ಕಾಣುವ ಗುರುತು ಅದು. "ಇಲ್ಲಿ ಯಾರೋ ದಿನಾ ಬಂದು ಕೂರುತ್ತಾರೆ" ಎಂದು ಹೇಳುತ್ತದೆ. ನಾನು ಹೊಸ ಇಳಿಜಾರಿಗೆ ಹೋದಾಗ ಮೊದಲು ಬೈನಾಕ್ಯುಲರ್ ತಿರುಗಿಸುವುದು ಕಿತ್ತಳೆ ಕಲೆಗಳ ಕಡೆಗೇ.

ಎಲ್ಲಕ್ಕಿಂತ ನನಗೆ ಪ್ರೀತಿಯ ಗುರುತು ಬಣವೆ. ಹೌದು, ಪೈಕಾ ಬಣವೆ ಒಟ್ಟುತ್ತದೆ. ಅದು ಚಳಿಗಾಲದಲ್ಲಿ ನಿದ್ದೆ ಹೋಗುವ ಪ್ರಾಣಿಯಲ್ಲ. ತಿಂಗಳುಗಟ್ಟಲೆ ಹಿಮದ ಕೆಳಗೆ, ಕಲ್ಲಿನ ಸಂದಿಗಳಲ್ಲಿ ಎಚ್ಚರವಾಗಿಯೇ ಬದುಕಬೇಕು. ಆದ್ದರಿಂದ ಬೇಸಿಗೆ ಮುಗಿಯುವ ಹೊತ್ತಿಗೆ ಹುಲ್ಲು, ಎಲೆ, ಹೂ ಎಲ್ಲ ಕತ್ತರಿಸಿ, ಬಾಯಿ ತುಂಬ ಕಚ್ಚಿಕೊಂಡು ಓಡಿ ಬಂದು ಚಾಚಿದ ಬಂಡೆಯ ಕೆಳಗೆ ಕೂಡಿಡುತ್ತದೆ. ಇದರಲ್ಲಿ ಒಂದು ಸೊಗಸಾದ ಜಾಣತನ ಇದೆ. ಕೆಲವು ಗಿಡಗಳಲ್ಲಿ ಕಹಿ, ವಿಷದ ಅಂಶ ಜಾಸ್ತಿ ಇರುತ್ತದೆ. ಅಮೆರಿಕದ ಪೈಕಾ ಅವನ್ನು ಹಸಿಯಾಗಿ ತಿನ್ನದೆ ಬಣವೆಗೆ ಸೇರಿಸುತ್ತದೆ. ಆ ಅಂಶ ಇರುವುದರಿಂದ ಬಣವೆ ಬೇಗ ಕೊಳೆಯುವುದಿಲ್ಲ. ತಿಂಗಳುಗಳು ಕಳೆದಂತೆ ವಿಷ ಇಳಿದು ಗಿಡ ತಿನ್ನಲು ಬರುತ್ತದೆ. ನಿಮಗೆ ಬೇಕಾದದ್ದು ಇಷ್ಟು: ಬಂಡೆಯ ಕೆಳಗೆ ಒಣಹುಲ್ಲಿನ ರಾಶಿ ಕಂಡರೆ ಅದರ ಮೇಲ್ಪದರ ನೋಡಿ. ಪೂರ್ತಿ ಕಂದಾಗಿದ್ದರೆ ಹಳೆಯದು. ಮೇಲೆ ಹಸಿರು ಎಲೆ, ಬಾಡದ ಹೂ ಇದ್ದರೆ ಯಜಮಾನರು ಇವತ್ತೇ ಬಂದು ಹೋಗಿದ್ದಾರೆ, ಮತ್ತೆ ಬರುತ್ತಾರೆ. ಅಲ್ಲೇ ದೂರದಲ್ಲಿ ಕೂತುಕೊಳ್ಳಿ.

ಯಾವ ಹೊತ್ತು ಒಳ್ಳೆಯದು? ಬೆಳಗ್ಗೆ, ಮತ್ತೆ ಸಂಜೆಯ ಕಡೆ. ಇದಕ್ಕೆ ಗಟ್ಟಿ ಕಾರಣ ಇದೆ. ಪೈಕಾದ ಮೈ ಬಿಸಿ ಸಾಮಾನ್ಯವಾಗಿಯೇ 40 ಡಿಗ್ರಿ ಸೆಲ್ಸಿಯಸ್ ಹತ್ತಿರ. ಅದು ಇನ್ನು ಮೂರು ಡಿಗ್ರಿ ಏರಿದರೆ ಜೀವಕ್ಕೇ ಅಪಾಯ. ದಟ್ಟ ತುಪ್ಪಳ ಚಳಿಗೆ ವರ, ಬಿಸಿಲಿಗೆ ಶಾಪ. ನೆರಳಿಗೆ ಹೋಗಲು ದಾರಿಯಿಲ್ಲದೆ 25 ಡಿಗ್ರಿ ದಾಟಿದ ಬಿಸಿಯಲ್ಲಿ ಸಿಕ್ಕಿಕೊಂಡರೆ ಕೆಲವು ಗಂಟೆಗಳಲ್ಲೇ ಸಾಯಬಹುದು. ನಮಗೆ ಹಿತವಾದ ಬಿಸಿಲು ಅದಕ್ಕೆ ಬೆಂಕಿ. ಅದಕ್ಕೇ ಬಿಸಿಲೇರಿದ ದಿನ ಮಧ್ಯಾಹ್ನ ಅದು ತಣ್ಣಗಿನ ಕಲ್ಲುಸಂದಿಗೆ ಇಳಿದುಬಿಡುತ್ತದೆ. ಚಳಿ ಇರುವಾಗಲೂ, ಮೋಡ ಕವಿದ ದಿನವೂ ಮಧ್ಯಾಹ್ನ ಹೊರಗೆ ಕಾಣಬಹುದು. ನೀವು ಹೋದ ಆ ಎರಡು ದಿನ ಯಾವ ಹೊತ್ತಿನಲ್ಲಿ ಅಲ್ಲಿದ್ದಿರಿ ಎಂದು ಬರೆದಿಲ್ಲ. ಚಾರಣದವರು ಸಾಮಾನ್ಯವಾಗಿ ಇಂಥ ಜಾಗ ಮುಟ್ಟುವುದೇ ಮಧ್ಯಾಹ್ನ. ನಿಮಗೂ ಹಾಗೇ ಆಗಿದ್ದರೆ ಅರ್ಧ ಉತ್ತರ ಅಲ್ಲೇ ಇದೆ. ತಿಂಗಳುಗಳಲ್ಲಿ ನಾನು ಆರಿಸುವುದು ಬೇಸಿಗೆಯ ಕೊನೆ, ಬಣವೆ ಒಟ್ಟುವ ಕಾಲ. ಆಗ ಅವಕ್ಕೆ ಕೂತು ಕಾಲ ಕಳೆಯಲು ಪುರುಸೊತ್ತಿಲ್ಲ. ಓಡುತ್ತಲೇ ಇರುತ್ತವೆ, ಓಡುವುದು ಕಣ್ಣಿಗೆ ಬೀಳುತ್ತದೆ.

ಈಗ ಕೂರುವ ವಿಷಯ. ಅಂಚಿನಿಂದ 15-20 ಮೀಟರ್ ದೂರದಲ್ಲಿ, ಬೆನ್ನಿಗೆ ಒಂದು ಬಂಡೆ ಇಟ್ಟುಕೊಂಡು ಕೂರಿ. ಆಕಾಶದ ಎದುರು ನಿಮ್ಮ ಆಕಾರ ಎದ್ದು ಕಾಣದಂತೆ ನೋಡಿಕೊಳ್ಳಿ. ಕೂತ ತಕ್ಷಣ ಮೊಬೈಲ್‌ನಲ್ಲಿ ಎದುರಿನ ಇಳಿಜಾರಿನ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಆಮೇಲೆ ಕೆಲಸಕ್ಕೆ ಬರುತ್ತದೆ. ಮೊದಲ ಹತ್ತು ನಿಮಿಷ ಏನೂ ನಡೆಯುವುದಿಲ್ಲ. ನೀವು ಬಂದದ್ದು ಅಲ್ಲಿರುವ ಎಲ್ಲರಿಗೂ ಗೊತ್ತಾಗಿದೆ. ಅವು ಕಲ್ಲಿನ ಕೆಳಗಿಂದ ನಿಮ್ಮನ್ನು ಕೇಳಿಸಿಕೊಳ್ಳುತ್ತಿವೆ. ಅಲುಗಾಡದೆ ಇದ್ದರೆ ಒಂದು ಹೊತ್ತಿಗೆ ನೀವೂ ಅಲ್ಲಿನ ಒಂದು ಕಲ್ಲಾಗುತ್ತೀರಿ. ಇದಕ್ಕೆ ಇಪ್ಪತ್ತು ನಿಮಿಷ ಹಿಡಿಯಬಹುದು, ಮುಕ್ಕಾಲು ಗಂಟೆಯೂ ಹಿಡಿಯಬಹುದು. ನೀವು ನಿಂತಿದ್ದಿರಿ. ನಿಂತವರು ಕಾಲು ಬದಲಿಸುತ್ತಾರೆ, ತಿರುಗುತ್ತಾರೆ, ಚೀಲ ಸರಿಮಾಡಿಕೊಳ್ಳುತ್ತಾರೆ. ಪ್ರತಿ ಸಲವೂ ಲೆಕ್ಕ ಮತ್ತೆ ಸೊನ್ನೆಯಿಂದ ಶುರು.

ಈ ಹೊತ್ತಿನಲ್ಲೇ ಕಲ್ಲುಗಳ ಪಾಠ. ಇಡೀ ಇಳಿಜಾರು ಬೇಡ. ನಾಲ್ಕೈದು ಹೆಜ್ಜೆ ಅಗಲದ ಒಂದು ತುಂಡು ಆರಿಸಿಕೊಳ್ಳಿ. ಅದರಲ್ಲಿ ಎದ್ದು ಕಾಣುವ ಏಳೆಂಟು ಕಲ್ಲುಗಳಿಗೆ ಹೆಸರಿಡಿ. ನಾನು ನಿಜವಾಗಿಯೂ ಇಡುತ್ತೇನೆ: ಮುರಿದ ಹಲ್ಲು, ತಲೆದಿಂಬು, ಆಮೆ, ಬಿಳಿಗೆರೆ. ಹೆಸರಿಟ್ಟರೆ ಆ ಕಲ್ಲು ನೆನಪಿನಲ್ಲಿ ಉಳಿಯುತ್ತದೆ. ಆಮೇಲೆ ಅವುಗಳ ಅಂಚುಗಳ ಮೇಲೆ ನಿಧಾನವಾಗಿ ಕಣ್ಣು ಓಡಿಸಿ. ಕಲ್ಲಿನ ಮೈಯನ್ನು ಬಿಟ್ಟು ಅಂಚನ್ನು ನೋಡಲು ಕಾರಣ ಇದೆ. ಪೈಕಾ ಕೂರುವುದು ಹೆಚ್ಚಾಗಿ ಸುತ್ತ ಕಾಣುವ ಒಂದು ಕಲ್ಲಿನ ತುದಿಯಲ್ಲಿ ಅಥವಾ ಸಂದಿಯ ಬಾಯಲ್ಲಿ. ಒಡೆದ ಕಲ್ಲಿನ ಅಂಚು ಚೂಪಾಗಿ, ಗೀರು ಎಳೆದಂತೆ ಇರುತ್ತದೆ. ತುಪ್ಪಳದ ಅಂಚು ಮೆತ್ತಗೆ, ಸ್ವಲ್ಪ ಕದಡಿದಂತೆ ಕಾಣುತ್ತದೆ. ಗರಗಸದಂಥ ಗೆರೆಗಳ ನಡುವೆ ಒಂದು ಕಡೆ ಗೆರೆ ಮೃದುವಾದರೆ ಅಲ್ಲಿ ನಿಲ್ಲಿ. ಬೆಳಗಿನ ಬಿಸಿಲು ಪಕ್ಕದಿಂದ ಬರುವಂತೆ ಕೂತಿದ್ದರೆ ಇದು ಇನ್ನೂ ಸುಲಭ. ತುಪ್ಪಳದ ತುದಿಗೆ ಬೆಳಕು ಹಿಡಿದು ಒಂದು ತೆಳು ಅಂಚುಗೆರೆ ಹೊಳೆಯುತ್ತದೆ. ಕಲ್ಲಿಗೆ ಹಾಗೆ ಹೊಳೆಯಲು ಬರುವುದಿಲ್ಲ.

ಇಡೀ ಪೈಕಾವನ್ನು ನಿರೀಕ್ಷಿಸಲೇಬೇಡಿ. ತುಂಡುಗಳನ್ನು ನಿರೀಕ್ಷಿಸಿ. ಕಪ್ಪು ಮಣಿಯಂಥ ಕಣ್ಣು, ಅದರಲ್ಲಿ ಒಂದು ಚುಕ್ಕೆ ಬೆಳಕು. ಗುಂಡಗಿನ ಕಿವಿ, ಅದರ ಸುತ್ತ ತೆಳುವಾದ ಬಿಳಿ ಅಂಚು. ಉದ್ದ ಮೀಸೆ. ಇವು ಮೂರರಲ್ಲಿ ನನ್ನ ಅನುಭವದಲ್ಲಿ ಕಿವಿಯೇ ಮೊದಲು ಸಿಕ್ಕುವುದು. ಕಲ್ಲುರಾಶಿಯಲ್ಲಿ ಚೂಪು, ಚೌಕ, ಬಿರುಕು ಎಲ್ಲ ಇರುತ್ತವೆ. ನಾಣ್ಯದಂತೆ ನುಣುಪಾಗಿ ದುಂಡಗಿರುವುದು ಅಪರೂಪ. ಒಂದು ಸಲ ಕಂಡಮೇಲೆ ಎರಡನೆಯದು ಬೇಗ ಕಾಣುತ್ತದೆ, ಅದನ್ನೂ ನೀವು ಗಮನಿಸುತ್ತೀರಿ. ಹಕ್ಕಿಗಳು ಹುಳ ಹುಡುಕುವಾಗ ಹೀಗೇ ಆಗುತ್ತದೆ ಎಂದು ಡಚ್ ವಿಜ್ಞಾನಿ ಲೂಕ್ ಟಿನ್‌ಬರ್ಗೆನ್ ಬರೆದಿದ್ದರು. ಅವರು ತೀರಿಕೊಂಡ ಮೇಲೆ, 1960ರಲ್ಲಿ ಅದು ಪ್ರಕಟವಾಯಿತು. ಒಂದು ಬಗೆಯ ಹುಳ ಕೆಲವು ಸಲ ಸಿಕ್ಕಿದ ಮೇಲೆ ಹಕ್ಕಿಯ ಮನಸ್ಸಿನಲ್ಲಿ ಅದರ ಅಚ್ಚು ಮೂಡುತ್ತದೆ, ಆಮೇಲೆ ಅದೇ ಹುಳ ಜಾಸ್ತಿ ಸಿಗತೊಡಗುತ್ತದೆ ಎನ್ನುವುದು ಅವರ ಮಾತು. ನಿಮ್ಮ ಜೊತೆಗಿದ್ದವರಿಗೆ ಆ ಅಚ್ಚು ಇತ್ತು. ನಿಮಗೆ ಇನ್ನೂ ಮೂಡಿರಲಿಲ್ಲ. ವ್ಯತ್ಯಾಸ ಅಷ್ಟೇ. ಅವರು ತೆಗೆದ ಫೋಟೊವನ್ನು ಮನೆಯಲ್ಲಿ ಮತ್ತೆ ಮತ್ತೆ ನೋಡಿ, ಅದೂ ಅಭ್ಯಾಸವೇ.

ಫೋಟೊ ವಿಷಯ ಬಂತು ನೋಡಿ. ಫೋಟೊದಲ್ಲಿ ಹತ್ತು ನಿಮಿಷ ಬೇಕಾಯಿತು ಎಂದು ಬೇಸರ ಮಾಡಿಕೊಂಡಿದ್ದೀರಿ. ಆದರೆ ಫೋಟೊದಲ್ಲಿ ಹುಡುಕುವುದು ನಿಜವಾದ ಇಳಿಜಾರಿನಲ್ಲಿ ಹುಡುಕುವುದಕ್ಕಿಂತ ಕಷ್ಟ. ಅಲ್ಲಿ ಆಳ ಇಲ್ಲ, ಚಲನೆ ಇಲ್ಲ. ನಿಜವಾದ ಜಾಗದಲ್ಲಿ ಈ ಎರಡೂ ನಿಮ್ಮ ಕಡೆಗಿವೆ. ಕೂತಲ್ಲೇ ತಲೆಯನ್ನು ನಿಧಾನವಾಗಿ ಒಂದು ಗೇಣು ಎಡಕ್ಕೆ, ಒಂದು ಗೇಣು ಬಲಕ್ಕೆ ಸರಿಸಿ. ಹತ್ತಿರದ ಕಲ್ಲಿನ ಹಿಂದೆ ದೂರದ ಕಲ್ಲು ಜರುಗಿದಂತೆ ಕಾಣುತ್ತದೆ. ಎರಡು ಕಲ್ಲು ಅಂಟಿಕೊಂಡಂತೆ ಕಂಡದ್ದು ಆಗ ಬೇರೆಯಾಗುತ್ತದೆ. ಎಷ್ಟೋ ಸಲ ‘ಕಲ್ಲಿನ ಉಬ್ಬು’ ಎಂದುಕೊಂಡದ್ದು ಕಲ್ಲಿನ ಮುಂದೆ ಕೂತ ಪ್ರಾಣಿ ಎಂದು ತಿಳಿಯುವುದು ಹೀಗೇ. ಚಲನೆಗೆ ಬಂದರೆ, ನಮ್ಮ ಕಣ್ಣಿನ ಮಸುಕಾದ ಹೊರಭಾಗಕ್ಕೂ ಅದು ಚೆನ್ನಾಗಿ ಹೊಳೆಯುತ್ತದೆ. ಹಾಗಾಗಿ ಆಗಾಗ ಒಂದು ನಿಮಿಷ ನಡುವಿನ ಒಂದೇ ಕಲ್ಲಿನ ಮೇಲೆ ದೃಷ್ಟಿ ಇಟ್ಟು, ಸುತ್ತಲಿನದ್ದನ್ನು ಸುಮ್ನೆ ಬರಲು ಬಿಡಿ. ಪಕ್ಕದಲ್ಲಿ ಏನೋ ಸರಿದಂತಾದರೆ ತಟ್ಟನೆ ತಲೆ ತಿರುಗಿಸಬೇಡಿ. ಕಣ್ಣನ್ನು ಮಾತ್ರ ಸರಿಸಿ. ಅನುಮಾನ ಇದ್ದರೆ ಮೊದಲು ತೆಗೆದ ಫೋಟೊಗೆ ಹೋಲಿಸಿ ನೋಡಿ. ಆಗ ಇಲ್ಲದ ‘ಕಲ್ಲು’ ಈಗ ಇದ್ದರೆ, ಅದು ಕಲ್ಲಲ್ಲ.

ಕೂಗು ಕೇಳಿದರೂ ಎಲ್ಲಿಂದ ಎಂದು ತಿಳಿಯಲಿಲ್ಲ, ಅಲ್ವಾ? ಪೈಕಾದ ಕೂಗು ಗಿಡ್ಡ, ಚೂಪು. ಕಲ್ಲುಗಳಿಗೆ ಬಡಿದು ಬೇರೆ ಕಡೆಯಿಂದ ಬಂದಂತೆ ಕೇಳಿಸುತ್ತದೆ. ಮೊದಲ ಕೂಗಿಗೆ ಏನೂ ಮಾಡಬೇಡಿ. ಕಣ್ಣು ಮುಚ್ಚಿ, ಎರಡೂ ಅಂಗೈಗಳನ್ನು ಕಿವಿಯ ಹಿಂದೆ ಬಟ್ಟಲಿನಂತೆ ಹಿಡಿದು ಎರಡನೆಯದಕ್ಕೆ ಕಾಯಿರಿ. ತಲೆಯನ್ನು ನಿಧಾನ ತಿರುಗಿಸುತ್ತ ಎರಡೂ ಕಿವಿಗೆ ಸಮನಾಗಿ ಕೇಳುವ ದಿಕ್ಕು ಹಿಡಿಯಿರಿ. ಜೊತೆಗೆ ಒಬ್ಬರಿದ್ದರೆ ಇಬ್ಬರೂ ಹತ್ತು ಹೆಜ್ಜೆ ದೂರ ಕೂತು ತಮ್ಮ ತಮ್ಮ ದಿಕ್ಕಿಗೆ ಕೈ ಚಾಚಿ. ಎರಡು ಗೆರೆ ಸೇರುವ ಕಡೆ ಬೈನಾಕ್ಯುಲರ್ ಇಡಿ. ಕೂಗುವಾಗ ಪೈಕಾದ ಮೈ ಮುಂದಕ್ಕೆ ಜಗ್ಗಿದಂತೆ ಅಲುಗುತ್ತದೆ. ಕಣ್ಣಿಗೆ ಬೇಕಾದ ಚಲನೆ ಅದೇ. ಎಲ್ಲ ಪೈಕಾಗಳೂ ಹೀಗೆ ಕೂಗುತ್ತವೆ ಎಂದುಕೊಳ್ಳಬೇಡಿ. ಹಿಮಾಲಯದ ರಾಯ್ಲ್ ಪೈಕಾ ಕೂಗುವುದು ಅಪರೂಪ. ಅಲ್ಲಿ ಕಿವಿಯನ್ನು ನಂಬಿ ಕೂತರೆ ನಿರಾಸೆಯೇ. ಅಂಚು, ಹಿಕ್ಕೆ, ಹೊತ್ತು ಇವುಗಳನ್ನೇ ನೆಚ್ಚಬೇಕು.

ಕೂಗು ನಿಂತುಹೋದರೂ ಅದೊಂದು ಸುದ್ದಿ. ಹದ್ದಿನ ನೆರಳು ಬಿದ್ದರೆ ಒಂದು ಕೂಗು ಹಾಕಿ ಎಲ್ಲರೂ ಸಂದಿಗೆ ಇಳಿಯುತ್ತಾರೆ. ವೀಸಲ್ ಬಂದಾಗ ಹಾಗಲ್ಲ. ಅದು ಹಗ್ಗದಂಥ ಮೈಯ ಸಣ್ಣ ಬೇಟೆಗಾರ, ಪೈಕಾ ಹೋಗುವ ಸಂದಿಗೆಲ್ಲ ಅದೂ ಹೋಗಬಲ್ಲದು. ಅದು ಹತ್ತಿರ ಇದ್ದರೆ ಪೈಕಾಗಳು ತಕ್ಷಣ ಕೂಗುವುದು ಕಡಿಮೆ. ಗಲಾಟೆ ಇದ್ದ ಇಳಿಜಾರು ಒಮ್ಮೆಲೇ ಮೌನವಾದರೆ ನಾನು ಪೈಕಾ ಬಿಟ್ಟು ವೀಸಲ್ ಹುಡುಕಲು ಶುರು ಮಾಡುತ್ತೇನೆ. ಅದರ ಬಳಗದ ಸ್ಟೋಟ್ ಹಿಮ ಬಿದ್ದಾಗ ಬೆಳ್ಳಗಾಗುತ್ತದೆ. ಬಾಲದ ತುದಿ ಮಾತ್ರ ವರ್ಷವಿಡೀ ಕಪ್ಪು. ಹಿಮದ ಮೇಲೆ ಒಂದು ಕಪ್ಪು ಚುಕ್ಕೆ ತಾನಾಗಿ ಓಡಾಡಿದರೆ ಅದೇ.

ಬೈನಾಕ್ಯುಲರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 8 ಪಟ್ಟಿನದು ಸಾಕು. 10 ಪಟ್ಟು ದೊಡ್ಡದು ಮಾಡುತ್ತದೆ, ಜೊತೆಗೆ ಕೈನಡುಕವನ್ನೂ ದೊಡ್ಡದು ಮಾಡುತ್ತದೆ, ಕಾಣುವ ಜಾಗ ಚಿಕ್ಕದಾಗುತ್ತದೆ. ಮೊಣಕೈಗಳನ್ನು ಮೊಣಕಾಲಿಗೆ ಊರಿಕೊಳ್ಳಿ. ಅಂಚಿನ ಉದ್ದಕ್ಕೂ ಎಡದಿಂದ ಬಲಕ್ಕೆ, ಒಂದು ಸುತ್ತು ಮುಗಿದ ಮೇಲೆ ಸ್ವಲ್ಪ ಮೇಲಕ್ಕೆ, ಬಲದಿಂದ ಎಡಕ್ಕೆ. ಜಾರಿಸುತ್ತ ಹೋಗಬೇಡಿ. ಒಂದು ಕಡೆ ನಿಲ್ಲಿಸಿ, ಮೂರು ನಾಲ್ಕು ಸೆಕೆಂಡು ನೋಡಿ, ಆಮೇಲೆ ಮುಂದಕ್ಕೆ. ಹಿಂದಿನ ಜಾಗದ ಕಾಲುಭಾಗ ಹೊಸ ಜಾಗದಲ್ಲೂ ಇರಲಿ, ಆಗ ನಡುವೆ ಏನೂ ಬಿಟ್ಟುಹೋಗುವುದಿಲ್ಲ. ಬಿಸಿಲೇರಿ ಕಲ್ಲುಗಳ ಮೇಲೆ ಗಾಳಿ ನಡುಗತೊಡಗಿದರೆ ಬೈನಾಕ್ಯುಲರ್ ಇಳಿಸಿ. ಆಗ ಕಾಣುವ ಚಲನೆಯೆಲ್ಲ ಸುಳ್ಳು.

ಇದೇ ಕಣ್ಣನ್ನು ಬೇರೆ ಪ್ರಾಣಿಗಳಿಗೂ ಬಳಸಬಹುದು, ಸ್ವಲ್ಪ ಬದಲಾವಣೆಯೊಂದಿಗೆ. ಅಳಿಲಿನ ಬಳಗದ ಮಾರ್ಮಾಟ್ ಸುಲಭ. ಮೈ ದೊಡ್ಡದು, ಬಂಡೆಯ ಮೇಲೆ ಮೈಚಾಚಿ ಬಿಸಿಲು ಕಾಯುತ್ತದೆ. ಕಷ್ಟದ್ದು ಟಾರ್ಮಿಗನ್ ಎಂಬ ಹಕ್ಕಿ. ಪೈಕಾಗೆ ಓಡಿ ಸೇರಲು ಸಂದಿ ಇದೆ. ನೆಲದ ಮೇಲೆ ಬದುಕುವ ಈ ಹಕ್ಕಿಯ ಮುಖ್ಯ ಆಸರೆ ಅಲುಗಾಡದೆ ಕೂರುವುದು. ಚಳಿಗಾಲದಲ್ಲಿ ಬಿಳಿ, ಬೇಸಿಗೆಯಲ್ಲಿ ಕಲ್ಲುಹೂ ಹತ್ತಿದ ಕಲ್ಲಿನಂಥ ಚುಕ್ಕೆ ಚುಕ್ಕೆ ಬಣ್ಣ. ಮೊಟ್ಟೆಯ ಮೇಲೆ ಕೂತ ಹೆಣ್ಣು ನೀವು ಕಾಲಿಡುವ ತನಕ ಏಳದೇ ಇರಬಹುದು. ಹಾಗಾಗಿ ಅದನ್ನು ಹುಡುಕುವಾಗ ದೂರ ನೋಡುವುದಕ್ಕಿಂತ ಮುಂದಿನ ಹೆಜ್ಜೆ ನೋಡುವುದು ಮುಖ್ಯ. ಅದರಲ್ಲಿ ಬಂಡೆ ಟಾರ್ಮಿಗನ್ ಗಂಡಿನ ನಡತೆ ನನಗೆ ತುಂಬ ಇಷ್ಟ. ವಸಂತದಲ್ಲಿ ಹಿಮ ಕರಗಿ ಹೆಣ್ಣು ಕಂದು ಬಣ್ಣಕ್ಕೆ ತಿರುಗಿದರೂ ಗಂಡು ಬೆಳ್ಳಗೇ ಇರುತ್ತದೆ, ಹೆಣ್ಣಿನ ಕಣ್ಣಿಗೆ ಬೀಳಲು. ಜೋಡಿಯ ಕಾಲ ಮುಗಿಯುತ್ತ ಬಂದಂತೆ ಮಣ್ಣಿನಲ್ಲಿ ಹೊರಳಿ ತನ್ನ ಬಿಳಿ ಗರಿಗಳನ್ನು ಕೊಳೆ ಮಾಡಿಕೊಳ್ಳುತ್ತದೆ. ಹೊಸ ಗರಿ ಬರುವ ತನಕ ಆ ಮಣ್ಣೇ ಅದರ ಮರೆ. ಬಿಳಿ ಗರಿಯ ಗಂಡು ಕಣ್ಣಿಗೆ ಬೀಳುವ ಆ ಕೆಲವು ವಾರಗಳೇ ಹೊಸಬರಿಗೆ ಒಳ್ಳೆಯ ಕಾಲ.

ಎಷ್ಟು ಕಷ್ಟಪಟ್ಟರೂ ಕಾಣದೇ ಹೋಗುವುದೂ ಉಂಟು. ಸುಮಾರು 30 ಜಾತಿಯ ಪೈಕಾಗಳಿವೆ, ಬಹುಪಾಲು ಏಷ್ಯಾದಲ್ಲಿ. ಉತ್ತರ ಅಮೆರಿಕದಲ್ಲಿ ಎರಡೇ. ಇವುಗಳಲ್ಲಿ ಇಲಿ ಪೈಕಾ ಎನ್ನುವುದು ಚೀನಾದ ಟಿಯಾನ್ ಶಾನ್ ಬೆಟ್ಟಗಳ ಕಡಿದಾದ ಬಂಡೆಗಳಲ್ಲಿ ಇದೆ. ಇಲಿ ಎಂದರೆ ಅಲ್ಲಿನ ಜಾಗದ ಹೆಸರು, ನಮ್ಮ ಇಲಿಯಲ್ಲ. ಲೀ ವೈಡಾಂಗ್ ಎಂಬ ಸಂಶೋಧಕರು 1983ರಲ್ಲಿ ಅದನ್ನು ಮೊದಲು ಕಂಡರು. ಆಮೇಲೆ ಅದು ಅಪರೂಪಕ್ಕೆ ಕಂಡದ್ದು ಬಿಟ್ಟರೆ ಇಲ್ಲ. 2014ರಲ್ಲಿ ಅವರೇ ಮತ್ತೆ ಅದರ ಫೋಟೊ ತೆಗೆದ ಮೇಲೆ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಆ ಮುಖ ಬಂತು. ಅದನ್ನು ಬಲ್ಲವರಿಗೇ ನಡುವೆ ವರ್ಷಗಳು ಕಳೆದವು. ನೀವು ಕೊಟ್ಟದ್ದು ಎರಡು ಗಂಟೆ.

ಒಂದು ಬೇಡಿಕೆ ಇದೆ, ಇದನ್ನು ದಯವಿಟ್ಟು ಪಾಲಿಸಿ. ಕಾಣಲಿಲ್ಲ ಎಂದು ಕಲ್ಲುರಾಶಿಯ ಮೇಲೆ ಹತ್ತಬೇಡಿ. ಸಡಿಲ ಕಲ್ಲು ಉರುಳಿದರೆ ನಿಮ್ಮ ಕಾಲಿಗೂ ಅಪಾಯ, ಒಳಗಿರುವವರಿಗೂ ಅಪಾಯ. ಕಲ್ಲು ಎತ್ತಿ ಇಣುಕಬೇಡಿ. ಬಣವೆಯನ್ನು ಮುಟ್ಟಬೇಡಿ, ಅದು ಒಂದು ಇಡೀ ಚಳಿಗಾಲದ ಊಟ. ಮೊಬೈಲ್‌ನಲ್ಲಿ ಕೂಗು ಹಾಕಿ ಕರೆಯುವುದೂ ಬೇಡ. ಪ್ರತಿ ಪೈಕಾ ತನ್ನ ಜಾಗವನ್ನು ಕಾಯುತ್ತದೆ. ಕಾಣದ ಎದುರಾಳಿಯ ಕೂಗು ಕೇಳಿದರೆ ಮೇಯುವುದು ಬಿಟ್ಟು ಓಡಾಡುತ್ತದೆ. ಬಿಸಿಲೇರುವ ಮೊದಲು ಅದಕ್ಕೆ ಸಿಗುವ ತಂಪು ಗಂಟೆಗಳು ಕಡಿಮೆ. ನಮ್ಮ ಫೋಟೊಗಾಗಿ ಅದರಲ್ಲಿ ಒಂದು ಗಂಟೆ ಕಿತ್ತುಕೊಳ್ಳುವುದು ನನಗೆ ಒಪ್ಪಿಗೆಯಾಗುವುದಿಲ್ಲ. ನಿಮ್ಮ ಕಡೆ ತಿರುಗಿ ಬಿಡದೆ ಕೂಗುತ್ತಿದ್ದರೆ ನೀವು ಜಾಸ್ತಿ ಹತ್ತಿರ ಬಂದಿದ್ದೀರಿ. ಹಿಂದೆ ಸರಿಯಿರಿ.

ಕೊನೆಗೆ, "ಆ ಬೂದು ಕಲ್ಲಿನ ಮೇಲೆ" ಎನ್ನುವ ಮಾತಿಗೆ ಬರೋಣ. ನಿಮಗೆ ಕಾಣದೇ ಹೋದದ್ದಕ್ಕೆ ತೋರಿಸಿದ ರೀತಿಯೂ ಕಾರಣ. ಬೆರಳು ಯಾವ ಕಲ್ಲಿನ ಕಡೆಗಿದೆ ಎಂದು ಪಕ್ಕದವರಿಗೆ ತಿಳಿಯುವುದೇ ಇಲ್ಲ. ಮುಂದಿನ ಸಲ ಹೋದಾಗ ಕೂತ ಕೂಡಲೇ ಇಬ್ಬರೂ ಸೇರಿ ಕಲ್ಲುಗಳಿಗೆ ಹೆಸರಿಡಿ. ತಪ್ಪಿಲ್ಲದೆ ಇಬ್ಬರಿಗೂ ಕಾಣುವ ಒಂದು ದೊಡ್ಡ ಬಂಡೆಯನ್ನು ಗಡಿಯಾರದ ನಡು ಎಂದು ಇಟ್ಟುಕೊಳ್ಳಿ. ಆಮೇಲೆ ಕೈ ಎತ್ತುವುದೇ ಬೇಡ, ಪಿಸುಮಾತು ಸಾಕು: "ಆಮೆಯಿಂದ ಎರಡು ಗಂಟೆಯ ದಿಕ್ಕಿಗೆ, ಒಂದು ಆಮೆಯಷ್ಟು ದೂರ, ಬಿಳಿಗೆರೆಯ ಕೆಳಗಿನ ಸಂದಿ, ಎಡ ಅಂಚು, ಕಿವಿ ಮಾತ್ರ ಕಾಣುತ್ತಿದೆ." ಹೀಗೆ ಹೇಳಿದಾಗ ಕಣ್ಣು ನೇರ ಅಲ್ಲಿಗೆ ಹೋಗುತ್ತದೆ. ಕಂಡ ಕ್ಷಣ ಕ್ಯಾಮೆರಾಗೆ ಕೈ ಹಾಕಬೇಡಿ. ಒಂದು ನಿಮಿಷ ಹಾಗೇ ನೋಡಿ. ಅದು ಉಸಿರಾಡುವುದು ಕಾಣುತ್ತದೆ.